ಮ್ಯಾಲ ಐತಿ ನೋಡ್ರಿ

ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಅವರ ಮೇಲಿನ ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಹೋದವರ ಬಗ್ಗೆ ಹೀಗೆಲ್ಲ ಬರೆಯಬಾರದು ಎಂದು ನಮ್ಮತ್ತೆ ಹೇಳುತ್ತಾರೆ. ಆದರೆ ಒಳ್ಳೆಯದನ್ನಷ್ಟೇ ಆರಿಸಿ ಬರೆದರೆ ಅವರೇ ಎದ್ದು ಬಂದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದಿ, ಇದು ಯಾರ ಬಗ್ಗೆ ಬರೆದದ್ದು ಎಂದು ಕೇಳಿಯಾರು. ಹೆಸರು ಬರೆಯುವುದಿಲ್ಲ. ನಮ್ಮಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ನಮ್ಮ ಗ್ರೂಪಿನ ನೂರಾ ಚಿಲ್ಲರೆ ಹೆಂಗಸರಿಗೆಲ್ಲ ಅವರು ಅಕ್ಕಾರು.

ಗ್ರೂಪು ಎಂದರೆ ಫೋನಿನಲ್ಲಿ ಕೌದಿ ಹೊಲಿಯುವವರು ಸೇರಿ ಮಾಡಿಕೊಂಡದ್ದು. ಹಳೆಯ ಸೀರೆ, ಪಂಚೆ, ಚಿಂದಿಗಳನ್ನು ಒಂದರ ಮೇಲೊಂದು ಹಾಸಿ, ಕೈಹೊಲಿಗೆಯಲ್ಲೇ ಸಾಲು ಸಾಲು ದಾರ ಹಾಯಿಸಿ ಮಾಡುವ ಹೊದಿಕೆಗೆ ನಾವು ಕೌದಿ ಅನ್ನುತ್ತೇವೆ. ಆಂಧ್ರ ಗಡಿಯ ಕಡೆಯವರು ಬೊಂತ ಅನ್ನುತ್ತಾರೆ. ಮೊದಲು ಹೊದೆಯಲಿಕ್ಕೆ ಬೇರೇನೂ ಇಲ್ಲದವರು ಹೊಲಿಯುತ್ತಿದ್ದರು. ಈಗ ಕಪಾಟಿನ ತುಂಬ ರಗ್ಗು ಇರುವ ನಾವು ಹವ್ಯಾಸಕ್ಕೆ ಹೊಲಿಯುತ್ತೇವೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳು ಓಣಿಗೆ ಎರಡು ಇರುವುದರಿಂದ ನೀಲಿ ಚಿಂದಿಗೆ ಬರವಿಲ್ಲ. ನಮ್ಮ ಕೌದಿಗಳಲ್ಲಿ ಅದೇ ಹೆಚ್ಚು.

ಅಕ್ಕಾರು ನನಗೆ ಪರಿಚಯವಾದದ್ದು ಏಳು ವರ್ಷದ ಹಿಂದೆ. ಸತ್ಯನಾರಾಯಣಪೇಟೆಯ ಒಂದು ಲ್ಯಾಬಿನಲ್ಲಿ ನಾನು ರಕ್ತ ತೆಗೆಯುವವಳು. ಅವರು ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಕುರುಗೋಡಿನಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದರು. ಬರಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, ತಿಂಡಿ ತಿಂದು, ಎರಡನೆಯ ಸಲಕ್ಕೆ ಎರಡು ಗಂಟೆ ಕಾಯಬೇಕಲ್ಲ, ಆಗ ಗೋಡೆಗೆ ನೇತುಹಾಕಿದ್ದ ನನ್ನ ಊಟದ ಚೀಲ ಅವರ ಕಣ್ಣಿಗೆ ಬಿತ್ತು. ಜೀನ್ಸ್ ಚಿಂದಿ ಜೋಡಿಸಿ ನಾನೇ ಹೊಲಿದದ್ದು. ನೋಡಿದವರೆಲ್ಲ ಹೊಗಳಿದ್ದರು. ಅವರು ನನ್ನನ್ನು ಕೇಳದೆಯೇ ಅದನ್ನು ಇಳಿಸಿ, ಡಬ್ಬಿಯನ್ನು ತೆಗೆದು ಬೆಂಚಿನ ಮೇಲಿಟ್ಟು, ಚೀಲವನ್ನು ಒಳಹೊರಗು ಮಾಡಿದರು. ಹೊರಮೈಯನ್ನು ನೋಡಲೇ ಇಲ್ಲ.

"ರಕ್ತ ತೆಗಿಯಾಕ ಕೈ ಚೊಲೋ ಐತಿ ನಿಂದು. ಹೊಲಿಯಾಕ ಯಾಕ ಹಿಂಗ?" ಅಂದರು.

ಅವರ ಕೊರಳಲ್ಲಿ ಕರಿಮಣಿ ಸರದ ಜೊತೆಗೆ ಒಂದು ಕಪ್ಪು ದಾರಕ್ಕೆ ಉಗುರು ಕತ್ತರಿಸುವ ನೇಲ್‌ಕಟರ್ ನೇತಾಡುತ್ತಿತ್ತು. ಅದರಿಂದ ನನ್ನ ದಪ್ಪ ಗಂಟುಗಳನ್ನೆಲ್ಲ ಕಟ್ ಕಟ್ ಎಂದು ತೆಗೆದುಬಿಟ್ಟರು. ಚೀಲ ಬಿಚ್ಚಿಹೋಯಿತು. ಎರಡು ಗಂಟೆ ಆಗುವಷ್ಟರಲ್ಲಿ ಅದನ್ನು ಪೂರ್ತಿ ಮತ್ತೆ ಹೊಲಿದು ನನ್ನ ಕೈಗಿಟ್ಟು, ತೋಳು ಚಾಚಿ ರಕ್ತಕ್ಕೆ ಕುಳಿತರು. ಆ ಚೀಲದಲ್ಲಿ ಇಂದಿಗೂ ಒಂದು ಹೊಲಿಗೆ ಬಿಟ್ಟಿಲ್ಲ.

ಅವರು ಮೂವತ್ತು ವರ್ಷ ಬಳ್ಳಾರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಗಂಡ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿದ್ದರು. ಇಬ್ಬರ ನೌಕರಿಗೂ ಕುರುಗೋಡಿನ ಮನೆಯಿಂದಲೇ ಓಡಾಟ. ಮಗನದು ಅಲ್ಲೇ ಬೀಜ ಗೊಬ್ಬರದ ಅಂಗಡಿ. ಕೌದಿ ಹೊಲಿಯುವುದನ್ನು ಅವರು ಕಲಿತದ್ದು ಅತ್ತೆಯಿಂದ. ಕಲಿತದ್ದು ಅಂದರೆ, ಅತ್ತೆ ಹೊಲಿಯುವಾಗ ಪಕ್ಕದಲ್ಲಿ ಕೂತು ನೋಡಿದ್ದು. ಆ ಅತ್ತೆ ಏನು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲವಂತೆ. ತಪ್ಪಾದರೆ ರಾತ್ರಿ ಸೊಸೆ ಮಲಗಿದ ಮೇಲೆ ಬಿಚ್ಚಿಡುತ್ತಿದ್ದರು, ಬೆಳಿಗ್ಗೆ ಎದ್ದು ಇವರೇ ಕಂಡುಕೊಳ್ಳಬೇಕಿತ್ತು. ಇದನ್ನು ಅಕ್ಕಾರು ದೂರಿನಂತೆ ಹೇಳುತ್ತಿರಲಿಲ್ಲ. ಹೆಮ್ಮೆಯಿಂದ ಹೇಳುತ್ತಿದ್ದರು. ನನಗೆ ರೇಗುತ್ತಿದ್ದದ್ದು ಅದಕ್ಕೇ.

ಗ್ರೂಪು ಶುರುವಾದಾಗ ನಾವು ಏಳು ಜನ. ಅಡ್ಮಿನ್ ನಾನು. ಮೊದಲ ಮಳೆಗಾಲದಲ್ಲಿ ಅಕ್ಕಾರು ದಿನ ಬಿಟ್ಟು ದಿನ ಉದ್ದುದ್ದ ಬರೆದು ಹಾಕಿದರು. ಯಾವ ಬಟ್ಟೆ ಯಾವುದರ ಜೊತೆ ಕೂಡುತ್ತದೆ, ಒಳಗೆ ಎಷ್ಟು ಪದರ ಹಾಸಬೇಕು, ದಪ್ಪ ಬಟ್ಟೆಗೆ ಯಾವ ಸೂಜಿ, ದಾರಕ್ಕೆ ಮೇಣ ಎಳೆಯುವುದು ಹೇಗೆ, ಅಂಚಿನಿಂದ ಶುರುಮಾಡಿ ನಡುವಿಗೆ ಯಾಕೆ ಬರಬೇಕು, ಹೀಗೆ ಹನ್ನೆರಡು ಬರಹ, ಪ್ರತಿಯೊಂದಕ್ಕೂ ಮೂರು ನಾಲ್ಕು ಫೋಟೋ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅದನ್ನು ಓದಿಕೊಂಡೇ ನಾನು ಮೊದಲ ಪೂರ್ತಿ ಕೌದಿ ಹೊಲಿದೆ.

ಆಮೇಲೆ ಗ್ರೂಪು ಬೆಳೆಯಿತು. ಒಬ್ಬರು ಓರಗಿತ್ತಿಯನ್ನು ಸೇರಿಸಿದರು, ಇನ್ನೊಬ್ಬರು ಆಫೀಸಿನವರನ್ನು. ಹೊಸಬರು ಬಂದಂತೆ ಅದೇ ಪ್ರಶ್ನೆಗಳು ಬಂದವು. ಸೂಜಿ ಯಾವ ನಂಬರಿನದು, ದಾರ ಯಾಕೆ ತುಂಡಾಗುತ್ತದೆ, ನಾಲ್ಕು ಪದರ ಸಾಕೇ. ಮೊದಲ ವರ್ಷ ಅಕ್ಕಾರು ಉತ್ತರ ಕೊಟ್ಟರು. ಎರಡನೆಯ ವರ್ಷದಿಂದ ಅವರ ಉತ್ತರ ಹಳೆಯ ಬರಹಗಳತ್ತ ಬೆರಳು ತೋರುವ ಮೂರೇ ಮಾತಿಗೆ ಬಂದು ನಿಂತಿತು: "ಮ್ಯಾಲ ಐತಿ ನೋಡ್ರಿ."

ಬೆಳಿಗ್ಗೆ ಆರಕ್ಕೆ ಕೇಳಿದರೂ ಅದೇ, ಮಧ್ಯಾಹ್ನ ಕೇಳಿದರೂ ಅದೇ. ಉಳಿದ ಹಳಬರಿಗೆ ಅದೊಂದು ಆಟವಾಯಿತು. ಹೊಸಬರ ಪ್ರಶ್ನೆ ಬಿದ್ದದ್ದೇ ತಡ, ಅಕ್ಕಾರಿಗಿಂತ ಮೊದಲೇ ಯಾರಾದರೂ "ಮ್ಯಾಲ ಐತಿ ನೋಡ್ರಿ" ಎಂದು ಬರೆದು ಕೆಳಗೆ ನಗುವ ಮುಖ ಅಂಟಿಸುತ್ತಿದ್ದರು. ಉತ್ತರ ಗೊತ್ತಿದ್ದ ನಾವು ಇಪ್ಪತ್ತು ಜನ ಇದ್ದೆವು. ಒಂದು ಸಾಲು ಬರೆಯಲು ಯಾರಿಗೂ ಬೆರಳು ಏಳಲಿಲ್ಲ.

ಒಮ್ಮೆ ಈ ಬಗ್ಗೆ ಅವರನ್ನು ಕೇಳಿದೆ. ಅವರ ಉತ್ತರ ಸಿದ್ಧವಾಗಿತ್ತು. "ಮೂವತ್ತು ವರ್ಷ ಒಂದ ಮಾತಿಗೆ ಉತ್ತರ ಕೊಟ್ಟೀನಿ. ಲೈನ್ ಯಾಕ ಬರವಲ್ದು, ಟ್ರಂಕ್‌ಕಾಲ್ ಯಾವಾಗ ಸಿಗತೈತಿ. ಸಂಬಳ ಕೊಡತಿದ್ರು, ಹೇಳಿದೆ. ಈಗ ನನ್ನ ಬದುಕು ನಂದು."

ನಾನು ಬಿಡದೆ, ಹೊಸಬರಿಗೆ ಏನು ಗೊತ್ತಿರುತ್ತದೆ ಅಂದೆ. ಬರೆದಿಟ್ಟದ್ದನ್ನು ಓದುವಷ್ಟೂ ತಾಳ್ಮೆ ಇಲ್ಲದವರು ಆರು ತಿಂಗಳು ಕೂತು ಕೌದಿ ಹೊಲಿಯುತ್ತಾರೇನು ಎಂದು ಅವರು ತಿರುಗಿ ಕೇಳಿದರು. ಕೇಳಿದ ಕೂಡಲೇ ಸಿಕ್ಕದ್ದು ಕೈಗೆ ಹತ್ತುವುದಿಲ್ಲ ಎನ್ನುವುದು ಅವರ ಗಟ್ಟಿ ನಂಬಿಕೆ. ಆ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು. ಕೇಳಿ ಉತ್ತರ ಪಡೆದು ಸೂಜಿಯನ್ನೇ ಮುಟ್ಟದವರನ್ನು ನಾನೂ ನೋಡಿದ್ದೆ. ಅದಕ್ಕೇ ವಾದದಲ್ಲಿ ನಾನು ಯಾವಾಗಲೂ ಅರ್ಧದಲ್ಲಿ ನಿಲ್ಲುತ್ತಿದ್ದೆ.

ಎದುರಿಗೆ ಸಿಕ್ಕಾಗ ಇದೇ ಹೆಂಗಸು ಬೇರೆಯೇ ಆಗಿಬಿಡುತ್ತಿದ್ದರು. ಬ್ರೂಸ್‌ಪೇಟೆಯಲ್ಲಿ ದಾರ ಕೊಳ್ಳಲು ಒಮ್ಮೆ ಇಬ್ಬರೂ ಹೋಗಿದ್ದೆವು. ನಮ್ಮ ಪಕ್ಕದಲ್ಲಿ ಬುರ್ಖಾ ಹಾಕಿದ್ದ ಒಬ್ಬ ಹೆಂಗಸು ಕೌದಿಗೆಂದು ಮಷೀನಿನ ದಾರದ ಡಬ್ಬಿ ಕೊಳ್ಳುತ್ತಿದ್ದರು. ಅಕ್ಕಾರು ನೇರ ಅಂಗಡಿಯವನಿಗೆ ಗದರಿದರು: ಕೈಹೊಲಿಗೆಗೆ ಅಂತ ಕೇಳಿದರೂ ಇದನ್ನು ಯಾಕೆ ಕೊಡುತ್ತೀ ಎಂದು. ದಾರ ಬದಲಾಯಿಸಿ ಕೊಡಿಸಿದರು. ಅಷ್ಟಕ್ಕೇ ಬಿಡದೆ ಆ ಹೆಂಗಸನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ, ತಮ್ಮ ಚೀಲದಲ್ಲಿದ್ದ ಮೇಣದ ತುಂಡು ತೆಗೆದು, ದಾರವನ್ನು ಅದರ ಮೇಲೆ ಹೇಗೆ ಎಳೆಯಬೇಕೆಂದು ಮುಕ್ಕಾಲು ಗಂಟೆ ತೋರಿಸಿದರು. ಆಕೆ ಒಂದೇ ಮಾತನ್ನು ನಾಲ್ಕು ಸಲ ಕೇಳಿದರು, ಇವರು ನಾಲ್ಕು ಸಲವೂ ಹೇಳಿದರು. ಅರ್ಧ ತೆಲುಗಿನಲ್ಲಿ, ಅರ್ಧ ಉರ್ದುವಿನಲ್ಲಿ. ದಾರಿಯಲ್ಲಿ ಬರುವಾಗ ನಾನು, ಇದೇ ಪ್ರಶ್ನೆಯನ್ನು ಗ್ರೂಪಿನಲ್ಲಿ ಕೇಳಿದ್ದರೆ ಏನು ಹೇಳುತ್ತಿದ್ದಿರಿ ಎಂದು ಕೇಳಿದೆ. ಬಸ್ ಸ್ಟ್ಯಾಂಡಿನ ತನಕ ಮುಖ ಉಬ್ಬಿಸಿಕೊಂಡೇ ಬಂದರು.

ಇನ್ನು ಆ ಸಿರುಗುಪ್ಪದ ಟೀಚರಮ್ಮನ ವಿಷಯ. ಆಕೆ ಅಂಗನವಾಡಿ ಟೀಚರು, ಗ್ರೂಪಿಗೆ ಸೇರಿ ಎರಡು ವಾರವಾಗಿತ್ತಷ್ಟೆ. ತೀರಿಹೋದ ತಾಯಿಯ ನಾಲ್ಕು ಸೀರೆ ಸೇರಿಸಿ ಕೌದಿ ಹೊಲಿಯಬೇಕೆಂದಿದ್ದರು. ಅಡಿಯ ಪದರಕ್ಕೆ ಜೀನ್ಸ್ ಬಟ್ಟೆ ಹಾಕಬೇಕೆಂದಿದ್ದೇನೆ, ಅದನ್ನು ಮೊದಲೇ ಒಗೆಯಬೇಕೇ ಎಂದು ಕೇಳಿದರು.

ಕೇಳಬೇಕಾದ ಪ್ರಶ್ನೆಯೇ ಅದು. ನಮ್ಮಲ್ಲಿ ಸಿಗುವ ಚಿಂದಿ ಬಣ್ಣದ ಗಂಜಿ ಕುಡಿದ ಹಸಿ ಬಟ್ಟೆ. ಪ್ಯಾಂಟು ಹೊಲಿದಾದ ಮೇಲೆ ಅದನ್ನು ಒಗೆಯುವ ಕಡೆಗೆ ಕಳಿಸುತ್ತಾರೆ, ಕತ್ತರಿಸಿ ಉಳಿದ ಚಿಂದಿ ನೀರು ಕಾಣದೆಯೇ ನಮ್ಮ ಕೈಗೆ ಬರುತ್ತದೆ. ಮೂರು ನಾಲ್ಕು ನೀರು ತೆಗೆಯದೆ ಹೊಲಿದರೆ ನೀಲಿಯೆಲ್ಲ ಉಳಿದ ಬಟ್ಟೆಗೆ ಹತ್ತುತ್ತದೆ. ಅಕ್ಕಾರ ಹನ್ನೆರಡು ಬರಹಗಳಲ್ಲಿ ಮೂರನೆಯದು ಪೂರ್ತಿ ಇದರ ಬಗ್ಗೆಯೇ ಇತ್ತು.

ಉತ್ತರ ಬಂತು, ಮ್ಯಾಲ ಐತಿ ನೋಡ್ರಿ. ಎರಡು ದಿನ ಬಿಟ್ಟು ಟೀಚರಮ್ಮ ಮತ್ತೆ ಕೇಳಿದರು, ಮೇಲೆ ಹುಡುಕಿದೆ, ಸಿಗಲಿಲ್ಲ ಎಂದು. ಸರಿಯಾಗಿ ನೋಡ್ರಿ ಎಂದು ಯಾರೋ ಬರೆದರು. ಅದಾದ ಮೇಲೆ ಮೂರನೆಯ ಸಲ, "ತಪ್ಪು ತಿಳೀಬ್ಯಾಡ್ರಿ, ಒಗೀಬೇಕೋ ಬ್ಯಾಡೋ ಅಷ್ಟ ಹೇಳ್ರಿ" ಎಂದು ಬಂತು. ಅದಕ್ಕೆ ಅಕ್ಕಾರು, ಟೀಚರ್ ಆಗಿ ಓದಾಕ ಬರಂಗಿಲ್ಲೇನು ಎಂದು ಬರೆದರು. ಕೆಳಗೆ ಐದಾರು ನಗುವ ಮುಖ. ಆ ದಿನ ಸಂಜೆ ಟೀಚರಮ್ಮ ಗ್ರೂಪು ಬಿಟ್ಟರು.

ನಾನು ಎಲ್ಲವನ್ನೂ ಲ್ಯಾಬಿನಲ್ಲಿ ಕೂತು ನೋಡುತ್ತಿದ್ದೆ. ಒಗೆಯಬೇಕು, ಮೂರು ಸಲ, ಉಪ್ಪು ಹಾಕಿ. ಇಷ್ಟು ಬರೆಯಲು ಅರ್ಧ ನಿಮಿಷ ಸಾಕಿತ್ತು. ಆಮೇಲೆ ಖಾಸಗಿಯಾಗಿ ಕಳಿಸಿದರಾಯಿತು ಅಂದುಕೊಂಡೆ, ಮರೆತೆ. ಇದಕ್ಕಿಂತ ಹೇಳಲು ನಾಚಿಕೆಯಾಗುವ ಮಾತು ಇನ್ನೊಂದಿದೆ. ಮೇಲೆ ಏನೂ ಇಲ್ಲ ಎನ್ನುವುದು ನನಗೆ ಗೊತ್ತಿತ್ತು. ಆರು ತಿಂಗಳ ಹಿಂದೆ ನನ್ನ ನಾದಿನಿಯನ್ನು ಗ್ರೂಪಿಗೆ ಸೇರಿಸಿದ್ದೆ. ಅವಳ ಫೋನಿನಲ್ಲಿ ಅವಳು ಸೇರಿದ ದಿನದಿಂದ ಈಚೆಗಿನದಷ್ಟೇ ಕಾಣುತ್ತಿತ್ತು. ಸೇರುವುದಕ್ಕೆ ಮೊದಲು ಬರೆದದ್ದು ಹೊಸಬರಿಗೆ ಕಾಣುವುದಿಲ್ಲ. ಅಂದರೆ ಮೂರು ವರ್ಷದಿಂದ ನಾವು ಹೊಸಬರನ್ನು, ಅವರ ಪಾಲಿಗೆ ಇಲ್ಲದ ಬರಹವನ್ನು ಓದಿಕೊಳ್ಳಿ ಎಂದು ಕಳಿಸುತ್ತಿದ್ದೆವು. ಅಕ್ಕಾರಿಗೆ ಹೇಳಬೇಕು, ಹೇಳಬೇಕು ಅಂದುಕೊಂಡೇ ಆರು ತಿಂಗಳು ಕಳೆದಿದ್ದೆ. ಅವರೆದುರು ನೀವು ತಪ್ಪು ಅನ್ನುವ ಧೈರ್ಯ ನನಗಿರಲಿಲ್ಲ.

ಎರಡು ತಿಂಗಳ ಮೇಲೆ ಟೀಚರಮ್ಮ ನನಗೆ ಒಂದು ಫೋಟೋ ಕಳಿಸಿದರು. ಗ್ರೂಪಿನ ಅಡ್ಮಿನ್ ಎಂದು ನನ್ನ ನಂಬರು ಇಟ್ಟುಕೊಂಡಿದ್ದರಂತೆ. ಹೊಲಿದು ಮುಗಿಸಿದ ಕೌದಿ, ಮೊದಲ ನೀರಿಗೆ ಹಾಕಿ ತೆಗೆದದ್ದು. ಕೆನೆಬಣ್ಣದ ಸೀರೆಯ ತುಂಬ ನೀಲಿ ಹರಿದಿತ್ತು, ಮಸಿಯ ದೌತಿ ಉರುಳಿಬಿದ್ದಂತೆ. ಕೆಳಗೆ, ಇದು ಹೋಗುತ್ತದೆಯೇ ಎಂದು ಕೇಳಿದ್ದರು. ಬೈದಿರಲಿಲ್ಲ.

ಮರುದಿನ ರಜೆ ಹಾಕಿ ನಾದಿನಿಯ ಫೋನು ತೆಗೆದುಕೊಂಡು ಕುರುಗೋಡಿಗೆ ಹೋದೆ. ಅಕ್ಕಾರು ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು, ಕಾಲು ಚಾಚಿ ಹೊಲಿಯುತ್ತಿದ್ದರು. ಮೊದಲು ಫೋಟೋ ತೋರಿಸಿದೆ. ನೋಡಿದ ಕೂಡಲೇ, "ಹಸಿ ಬಟ್ಟಿ ಹಾಕ್ಯಾಳ. ಬರದಿದ್ದೆ, ಓದಲಿಲ್ಲ" ಅಂದರು. ನಾನು ನಾದಿನಿಯ ಫೋನನ್ನು ಕೈಗೆ ಕೊಟ್ಟು, ನಿಮ್ಮ ಬರಹ ಎಲ್ಲಿದೆ ತೋರಿಸಿ ಅಂದೆ. ಅವರು ಹೆಬ್ಬೆರಳಿನಿಂದ ಸರಿಸಿದರು. ಎರಡು ಸರಿಸುವಷ್ಟರಲ್ಲಿ ಮುಗಿಯಿತು. ಮತ್ತೆ ಸರಿಸಿದರು. ನಿನ್ನ ನಾದಿನಿಯ ಫೋನು ಕೆಟ್ಟಿದೆ ಅಂದರು. ಎಲ್ಲ ಹೊಸಬರ ಫೋನಿನಲ್ಲೂ ಹೀಗೆಯೇ ಎಂದೆ. ನಂಬಲಿಲ್ಲ. ಎದ್ದು ಹೋಗಿ ತಮ್ಮ ಫೋನು ತಂದು, ನೋಡು ಇಲ್ಲಿದೆ ಎಂದು ಮೇಲೆ ಮೇಲೆ ಸರಿಸುತ್ತ ಹೋದರು. ಅವರದರಲ್ಲೂ ಹಿಂದಿನ ವರ್ಷಕ್ಕೆ ಬಂದು ನಿಂತಿತು. ಜಾಗ ತುಂಬಿದೆ ಎಂದು ಮಗ ಹಳೆಯದನ್ನೆಲ್ಲ ಅಳಿಸಿದ್ದು ಆಗ ಗೊತ್ತಾಯಿತು. ನನ್ನ ಫೋನು ಅದಕ್ಕೂ ಮೊದಲೇ ನೀರಿಗೆ ಬಿದ್ದು ಬದಲಾಗಿತ್ತು. ಉಳಿದ ಹಳಬರಿಗೆ ಅಲ್ಲಿಂದಲೇ ಫೋನು ಮಾಡಿ ಕೇಳಿದೆವು. ಯಾರದೋ ಒಬ್ಬರದರಲ್ಲಿ ಎರಡು ಬರಹ ಉಳಿದಿದ್ದವು, ಫೋಟೋ ತೆರೆಯಲಿಲ್ಲ.

ಅವರು ಫೋನನ್ನು ಮಡಿಲಲ್ಲಿಟ್ಟುಕೊಂಡರು.

"ನಿನಗ ಯಾವಾಗಿಂದ ಗೊತ್ತು?"

"ಆರು ತಿಂಗಳಾತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ನಿಮ್ಮ ಅಂಜಿಕೆರಿ, ಅಕ್ಕಾರ."

ಅವರು ನನ್ನನ್ನು ನೋಡಿದ ನೋಟ ಸಿಟ್ಟಿನದಾಗಿದ್ದರೆ ನನಗೆ ಹಗುರಾಗುತ್ತಿತ್ತು. "ನನಗ ಅಂಜಿ ಆಕೀ ಸೀರಿ ಹಾಳು ಮಾಡಿದ್ರೆಲ್ಲ ಕೂಡಿ" ಅಂದರು. ಆಮೇಲೆ, ನೀವು ಅಲ್ಲ, ನಾನು ಎಂದು ತಮ್ಮಷ್ಟಕ್ಕೆ ತಿದ್ದಿಕೊಂಡರು. ಸಿರುಗುಪ್ಪಕ್ಕೆ ಹೋಗಬೇಕು, ಭಾನುವಾರ ಬಾ ಅಂದರು.

ಭಾನುವಾರ ಹೋದೆವು. ದಾರಿಯುದ್ದಕ್ಕೂ ಎರಡೂ ಕಡೆ ನಾಟಿ ಮಾಡಿದ ಗದ್ದೆ. ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಟೀಚರಮ್ಮನ ಮನೆ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ. ನಲವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಹೆಂಗಸು. ಬರ್ರಿ ಅಂದರು, ಕುರ್ಚಿ ಒರೆಸಿ ಹಾಕಿದರು, ಚಹಾ ಕೊಟ್ಟರು. ಯಾರು ಬಂದಿದ್ದಾರೆಂದು ಗೊತ್ತಾದ ಮೇಲೆ ಮಾತ್ರ ಅಕ್ಕಾರ ಮುಖ ನೋಡದೆ ನನ್ನೊಡನೆಯೇ ಮಾತಾಡಿದರು. ಕೌದಿಯನ್ನು ಟ್ರಂಕಿನಿಂದ ತೆಗೆದು ಮಂಚದ ಮೇಲೆ ಹಾಸಿದರು.

ಅಕ್ಕಾರು ಅದನ್ನು ತಿರುಗಿಸಿ ಹಾಕಿ, ಬಗ್ಗಿ, ಹಿಂಬದಿಯ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋದರು. ಹೊಲಿಗೆಯ ತಪ್ಪು ಹೇಳಿಬಿಟ್ಟಾರೆಂದು ನನಗೆ ಭಯ.

"ಹೊಲಿಗಿ ಭಾಳ ಚೊಲೋ ಅದಾವು" ಅಂದರು. ಆಮೇಲೆ, "ತಪ್ಪು ನಂದು, ತಂಗಿ. ಮ್ಯಾಲ ಏನೂ ಇರಲಿಲ್ಲ. ನನಗ ಗೊತ್ತಿರಲಿಲ್ಲ" ಅಂದರು.

ಟೀಚರಮ್ಮ ಮೊದಲ ಸಲ ಅವರ ಕಡೆ ತಿರುಗಿದರು. "ಒಗೀಬೇಕು ಅನ್ನೂದು ನನಗೂ ಅಂದಾಜು ಇತ್ರಿ. ಅವ್ವನ ಸೀರಿಗೆ ಕತ್ತರಿ ಹಾಕಾಕ ಕೈ ಬರತಿದ್ದಿಲ್ಲ. ಯಾರರ ಒಬ್ರು ಹೂಂ ಅನ್ನಲಿ ಅಂತ ಕೇಳಿದೆ. ಮೂರು ಸಲ ಕೇಳಿದೆ. ಆಮ್ಯಾಲ ಸಿಟ್ಟು ಬಂತು, ಏನರ ಆಗಲಿ ಅಂತ ಹೊಲದುಬಿಟ್ಟೆ."

ಅಕ್ಕಾರು ಕೌದಿಯನ್ನು ತೆಗೆದುಕೊಂಡು ಹೋಗುತ್ತೇನೆ, ಕಲೆ ತೆಗೆದು ಕೊಡುತ್ತೇನೆ ಅಂದರು. ಟೀಚರಮ್ಮ ಬೇಡವೆನ್ನಲಿಲ್ಲ, ಆಸೆಯನ್ನೂ ತೋರಲಿಲ್ಲ.

ಕಲೆ ಹೋಗಲಿಲ್ಲ. ಜೀನ್ಸಿನ ಪದರವನ್ನು ಒಂದೊಂದೇ ಹೊಲಿಗೆ ಬಿಚ್ಚಿ ಬೇರೆ ಮಾಡಿದರು. ಉಪ್ಪಿನ ನೀರು, ಮಜ್ಜಿಗೆ, ನಿಂಬೆಹುಳಿ, ಯಾರೋ ಹೇಳಿದ ಸೋಡಾಪುಡಿ, ಎಲ್ಲ ನೋಡಿದರು. ನೀಲಿ ತೆಳುವಾಯಿತು, ಹೋಗಲಿಲ್ಲ. ಜೋರಾಗಿ ಉಜ್ಜಿದರೆ ಹಳೆಯ ಸೀರೆ ಹರಿಯುತ್ತದೆ. ಕಲೆಯ ಮೇಲೆ ಬೇರೆ ತುಂಡು ಕೂರಿಸಲೇ ಎಂದು ನನ್ನಿಂದ ಕೇಳಿಸಿದರು. ಬೇಡ, ಅವ್ವನ ಸೀರೆ ಕಾಣಲಿ, ಇದ್ದ ಹಾಗೇ ಕೊಡಿ ಎಂದು ಟೀಚರಮ್ಮ ಹೇಳಿ ಕಳಿಸಿದರು. ಎರಡು ತಿಂಗಳ ಮೇಲೆ ಅಡಿಯ ಪದರಕ್ಕೆ ತಮ್ಮ ಮನೆಯದೇ ಒಂದು ಮೆತ್ತನೆಯ ಪಂಚೆ ಹಾಕಿ, ಪೂರ್ತಿ ಮತ್ತೆ ಹೊಲಿದು, ಅಕ್ಕಾರೇ ಹೋಗಿ ಕೊಟ್ಟು ಬಂದರು. ಟೀಚರಮ್ಮ ಗ್ರೂಪಿಗೆ ತಿರುಗಿ ಬರಲಿಲ್ಲ. ನಾನು ಎರಡು ಸಲ ಕರೆದೆ.

ಗ್ರೂಪಿನಲ್ಲಿ ಅಕ್ಕಾರು ಒಂದೇ ಮಾತು ಬರೆದರು, ಮೇಲೆ ಏನೂ ಇಲ್ಲ, ಇನ್ನು ಯಾರೂ ಹಾಗೆ ಬರೆಯಬಾರದು ಎಂದು. ಅದಕ್ಕೂ ಇಬ್ಬರು ನಗುವ ಮುಖ ಹಾಕಿದರು, ತಮಾಷೆ ಅಂದುಕೊಂಡು. ನನಗೆ ಫೋನು ಗೋಡೆಗೆ ಒಗೆಯುವಷ್ಟು ರೇಗಿತು.

ಅದಾದ ಮೇಲೆ ಅವರು ಎಲ್ಲವನ್ನೂ ಹೊಸದಾಗಿ ಬರೆಯಲು ಕೂತರು. ಕಣ್ಣಿಗೆ ಪೊರೆ ಬಂದಿತ್ತು, ಒಂದೇ ಬೆರಳಿನಲ್ಲಿ ಒತ್ತಬೇಕು, ನಾಲ್ಕು ಸಾಲು ಬರೆಯುವಷ್ಟರಲ್ಲಿ ತಲೆ ಸಿಡಿಯುತ್ತಿತ್ತಂತೆ. ಬರೆಯುವುದು ಬೇಡ, ವಿಡಿಯೋ ಮಾಡುತ್ತೇನೆ, ಯಾರು ಯಾವಾಗ ಬಂದರೂ ಅದನ್ನೇ ಕಳಿಸಬಹುದು ಅಂದರು. ಒಳ್ಳೆಯ ವಿಚಾರ. ಮಂಚದ ಸರಳಿಗೆ ಫೋನು ಸಿಕ್ಕಿಸುವ ಒಂದು ಹಿಡಿಕೆಯನ್ನು ನಾನೇ ತಂದುಕೊಟ್ಟೆ. ಫೋನು ಮಡಿಲ ಮೇಲೆ ಅಡ್ಡ ನಿಲ್ಲುತ್ತದೆ, ಕೆಳಗೆ ಕೈ ಹೊಲಿಯುತ್ತಿರುತ್ತದೆ.

ಮೊದಲ ದಿನವೇ ಫೋನು ಬಂತು. ಕೈ ಬರುತ್ತಿಲ್ಲ, ನನ್ನ ಮುಖವೇ ಬರುತ್ತಿದೆ, ತಿರುಗಿಸುವುದು ಹೇಗೆ ಎಂದು. ಬಲಗಡೆ ಕೆಳಗಿನ ಮೂಲೆಯಲ್ಲಿ ಎರಡು ಬಾಣ ಸುತ್ತಿದಂತೆ ಒಂದು ಗುರುತು ಇದೆ, ಅದನ್ನು ಒತ್ತಿ ಅಂದೆ. ಮಾರನೆಯ ದಿನ ಮತ್ತೆ ಕೇಳಿದರು. ಮತ್ತೆ ಹೇಳಿದೆ. ಮೂರನೆಯ ಸಲವೂ ಹೇಳಿದೆ. ಮನೆಯಲ್ಲಿ ಸೊಸೆಯನ್ನು ಕೇಳಬಹುದಿತ್ತು. ಸದಾ ಫೋನು ಹಿಡಿದಿರುತ್ತೀ ಎಂದು ಅವಳನ್ನು ದಿನವೂ ಬೈಯುತ್ತಿದ್ದವರು ಈಗ ಹೋಗಿ ಅವಳನ್ನೇ ಕೇಳಲಾರರು. ಆ ಹಟ ನನಗೆ ಗೊತ್ತಿತ್ತು.

ನಾಲ್ಕನೆಯ ಸಲ ಅವರು ಫೋನು ಮಾಡಿದಾಗ ಊರಲ್ಲಿ ಡೆಂಗಿ ಎದ್ದಿತ್ತು. ಲ್ಯಾಬಿನ ಬಾಗಿಲಿನ ಆಚೆಗೂ ಜನ ನಿಂತಿದ್ದರು, ಒಂದು ಕೂಸಿನ ನರ ಸಿಗದೆ ನಾನು ಬೆವೆತಿದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, "ನಿನ್ನೆ ಹೇಳಿದೆನಲ್ರಿ ಅಕ್ಕಾರ. ಎಷ್ಟು ಸಲ ಹೇಳಬೇಕ್ರಿ?" ಅಂದೆ.

"ಹೌದವ್ವ, ಹೇಳಿದ್ದಿ" ಅಂದು ಇಟ್ಟುಬಿಟ್ಟರು.

ಆಮೇಲೆ ಅವರು ಆ ವಿಷಯ ಎತ್ತಲೇ ಇಲ್ಲ. ಮಾತಾಡಿದಾಗಲೆಲ್ಲ, ವಿಡಿಯೋ ನಡೆದಿದೆ ಅನ್ನುತ್ತಿದ್ದರು. ಒಂದು ಭಾನುವಾರ ಹೋಗಿ ನೋಡಿ ಬರಬೇಕು ಅಂದುಕೊಂಡೆ. ಆ ಭಾನುವಾರ ಏನೋ ಬಂತು, ಮುಂದಿನದಕ್ಕೂ ಏನೋ ಬಂತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಅವರ ಮಗ ಫೋನು ಮಾಡಿ, ಅವ್ವ ಸ್ನಾನ ಮಾಡಿ ಬಂದು ಕೂತವಳು ಹಾಗೇ ಒರಗಿದಳು ಎಂದು ಹೇಳಿದ.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಆತ ಅವರ ಫೋನನ್ನು ನನ್ನ ಕೈಗಿಟ್ಟು, ನಿಮ್ಮ ಗ್ರೂಪಿನವರಿಗೆ ಎಂದು ಏನೋ ಮಾಡಿಟ್ಟಿದ್ದಾಳೆ, ನೋಡಿ ಅಂದ. ಹತ್ತೊಂಬತ್ತು ವಿಡಿಯೋ ಇದ್ದವು. ಪಡಸಾಲೆಯ ಮೂಲೆಯಲ್ಲಿ ಕೂತು ಮೊದಲನೆಯದನ್ನು ತೆರೆದೆ. ಕೆಳಗಿನಿಂದ ಕಾಣುವ ಅವರ ಗದ್ದ, ಕನ್ನಡಕ, ಹಿಂದೆ ತಿರುಗುವ ಫ್ಯಾನು. ಕಣ್ಣು ಫೋನಿನ ಆಚೆಗೆ, ಕೆಳಗೆ, ಕಾಣದ ಕೈಗಳ ಮೇಲೆ. "ಸೂಜಿ ಹಿಂಗ ಹಿಡೀರಿ. ಹಿಂಗಲ್ಲ, ಹಿಂಗ" ಅನ್ನುತ್ತಿದ್ದರು. ಎರಡನೆಯದೂ ಹಾಗೆಯೇ. ಏಳನೆಯದರ ಶುರುವಿನಲ್ಲಿ ಒಂದು ಕ್ಷಣ ನೇರ ನನ್ನ ಕಡೆ ನೋಡಿ, "ನನ್ನ ಮುಖಾನ ಬರಾಕತ್ತೈತಿ. ಇರಲಿ, ಮಾತರ ಕೇಳತೈತಲ್ಲ" ಅಂದು ಮುಂದುವರಿಸಿದ್ದರು.

ಹತ್ತೊಂಬತ್ತನೆಯದು ಕೌದಿಯ ಮೂಲೆ ಮಡಚುವ ಬಗ್ಗೆ. ಎಷ್ಟು ಒಗೆದರೂ ಬಿಚ್ಚಿಕೊಳ್ಳದ ಆ ಮೂಲೆ ಅವರ ಕೈಗೆ ಮಾತ್ರ ಬರುತ್ತಿತ್ತು. ನಮ್ಮಲ್ಲಿ ಯಾರೂ ಅದನ್ನು ಪೂರ್ತಿ ಕಲಿತಿಲ್ಲ. ಇಪ್ಪತ್ತೆರಡು ನಿಮಿಷ, ಒಂದಿಷ್ಟೂ ಬೇಸರವಿಲ್ಲದೆ, ಎಲ್ಲ ಹೊಸಬರಿಗೂ ತಿಳಿಯುವಂತೆ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿ ಹೇಳಿಕೊಟ್ಟಿದ್ದಾರೆ. ಬಟ್ಟೆ ಸರಿದ ಸದ್ದು ಕೇಳುತ್ತದೆ. ಎಡಕ್ಕೋ ಬಲಕ್ಕೋ ಗೊತ್ತಾಗುವುದಿಲ್ಲ.

ನಾನು ಅವರ ಫೋನಿನಲ್ಲೇ ಕ್ಯಾಮೆರಾ ತೆರೆದೆ. ತೆರೆಯ ತುಂಬ ನನ್ನ ಮುಖ ಬಂತು. ಬಲಗಡೆಯ ಕೆಳಗಿನ ಮೂಲೆ ನೋಡಿದೆ. ಎಡಗಡೆ ನೋಡಿದೆ. ಮೇಲೆ, ಕೆಳಗೆ, ಎಲ್ಲಿಯೂ ಎರಡು ಬಾಣದ ಗುರುತು ಇರಲಿಲ್ಲ. ತಟ್ಟೆ ಎತ್ತಿಕೊಂಡು ಹೋಗುತ್ತಿದ್ದ ಅವರ ಸೊಸೆಯನ್ನು ಕರೆದು ಕೇಳಿದೆ.

"ಇದು ಹಳೇ ಫೋನ್ರಿ. ಇದರಾಗ ಗುರುತು ಇರಂಗಿಲ್ಲ" ಅಂದಳು. ತಟ್ಟೆಯನ್ನು ಎಡಗೈಗೆ ತೆಗೆದುಕೊಂಡು, ಬಲಗೈಯ ಒಂದು ಬೆರಳನ್ನು ತೆರೆಯ ಮೇಲಿಟ್ಟು ಕೆಳಕ್ಕೆ ಎಳೆದಳು. ನನ್ನ ಮುಖ ಹೋಗಿ, ಫೋನಿನಲ್ಲಿ ಪಡಸಾಲೆಯ ನೆಲ ಬಂತು.